ಹಸಿರು ನೆಟ್ಟು

ಸಾತ್ವಿಕಾ ಒಂದನೇ ಕ್ಲಾಸಿನಲ್ಲಿದ್ದಾಗ ಅವಳಮ್ಮ ಸ್ವರ್ಣಲತಾ ಅವಳಿಗೊಂದು ಮಾತು ಕೊಟ್ಟಿದ್ದಳು. ಕೊಟ್ಟದ್ದು ಸಿದ್ಧಕಟ್ಟೆಯ ಬಸ್ ಸ್ಟಾಪಿನಲ್ಲಿ, ಯಂತ್ರದ ಗರಗಸದ ಸದ್ದಿನ ನಡುವೆ. ರಸ್ತೆ ಅಗಲ ಮಾಡುವವರು ಅಲ್ಲಿದ್ದ ಗೋಳಿಮರವನ್ನು ಕೊಯ್ದು ಉರುಳಿಸುತ್ತಿದ್ದರು. ಮಗು ನೀರಿನ ಬಾಟಲಿಯನ್ನು ಎದೆಗೆ ಅವಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಮರಕ್ಕಾಗಿ ಅತ್ತಿತೋ, ಸದ್ದಿಗೆ ಹೆದರಿ ಅತ್ತಿತೋ ಹೇಳುವುದು ಕಷ್ಟ. ಅಂಥ ಹೊತ್ತಿನಲ್ಲಿ ತಾಯಂದಿರು ಕಾರಣ ವಿಚಾರಿಸುತ್ತಾ ಕೂರುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಕೊಟ್ಟು ಸುಮ್ಮನಾಗಿಸುತ್ತಾರೆ. ಸ್ವರ್ಣಲತಾಳ ಬ್ಯಾಗಿನಲ್ಲಿ ಅಂದು ಚಾಕಲೇಟು ಇರಲಿಲ್ಲ. ಹಾಗಾಗಿ ಮರ ಕೊಟ್ಟಳು.

"ಅಳಬೇಡ. ನಾನು ಇಲ್ಲೇ ಇನ್ನೊಂದು ಮರ ನೆಡ್ತೇನೆ. ನೀನು ದೊಡ್ಡವಳಾಗಿ ಮೂಡುಬಿದಿರೆ ಕಾಲೇಜಿಗೆ ಹೋಗುವಾಗ ಅದರ ನೆರಳಲ್ಲೇ ನಿಂತು ಬಸ್ಸಿಗೆ ಕಾಯುವಿಯಂತೆ."

"ಪ್ರಾಮಿಸಾ?"

"ಪ್ರಾಮಿಸ್."

ಇದಕ್ಕೆ ಸಾಕ್ಷಿ ಪಕ್ಕದ ಸೋಡಾ ಶರಬತ್ತಿನ ಅಂಗಡಿಯ ಹಸನಬ್ಬ. ಅವರ ಅಂಗಡಿಗೆ ಮಾಡು ಅಂತ ಇದ್ದದ್ದು ಅರ್ಧ ತಗಡು, ಅರ್ಧ ಆ ಗೋಳಿಮರ. "ಟೀಚರೇ, ನಾನೂ ಕೇಳಿದ್ದೇನೆ ಆಯ್ತಾ. ಆಮೇಲೆ ಹೇಳಲೇ ಇಲ್ಲ ಅನ್ನಬಾರದು," ಎಂದು ಅವರು ಅಂದೇ ಹೇಳಿಟ್ಟಿದ್ದರು. ಸ್ವರ್ಣಲತಾ ಆಗ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಅತಿಥಿಯನ್ನು ಶಾಲೆ ಕಳಿಸಿಕೊಟ್ಟು ಎಷ್ಟೋ ವರ್ಷಗಳಾದರೂ ಹಸನಬ್ಬರ ಬಾಯಲ್ಲಿ ಅವಳು ಟೀಚರಾಗಿಯೇ ಉಳಿದಳು.

ಮಾತು ಕೊಟ್ಟ ವಾರವೇ ಅವಳು ನರ್ಸರಿಯಿಂದ ಒಂದು ರೆಂಜೆ ಸಸಿ, ಅಂದರೆ ಬಕುಲದ್ದು, ತಂದದ್ದು ನಿಜ. ಗೇಣುದ್ದದ್ದು. ಆದರೆ ಸ್ಟಾಪಿನಲ್ಲಿ ಜಲ್ಲಿ ರಾಶಿ ಬಿದ್ದಿತ್ತು. ಜಲ್ಲಿ ಹೋಗಲಿ ಅಂತ ಸಸಿಯನ್ನು ಮನೆಯಲ್ಲಿ ಹಳೆಯ ಬಕೆಟಿಗೆ ಹಾಕಿಟ್ಟಳು. ಜಲ್ಲಿ ಹೋಗಿ ಚರಂಡಿ ಬಂತು. ಚರಂಡಿ ಮುಚ್ಚಿ ಅದನ್ನೇ ಮತ್ತೆ ಅಗೆದು ಕೇಬಲ್ ಹಾಕಿದರು. ಕೇಬಲಿನವರು ಹೋದ ಮೇಲೆ ಆ ಜಾಗದಲ್ಲಿ ಯಾರಿಗಾದರೂ ಹಾರ್ದಿಕ ಸ್ವಾಗತ ಕೋರುವ ಕಮಾನಿನ ಕಾಲು ಊರುವುದು ರೂಢಿಯಾಯಿತು. ಇತ್ತ ರೆಂಜೆ ಬಕೆಟ್ ಸಾಲದೆ ನೀಲಿ ಡ್ರಮ್ಮಿಗೆ ಬಂತು. ಬಚ್ಚಲಿನ ಹಿಂದೆ ನಿಂತು, ಸಾತ್ವಿಕಾ ಮಿಂದ ನೀರನ್ನೇ ಕುಡಿದು, ಸಾತ್ವಿಕಾಳಿಗಿಂತ ಬೇಗ ಬೆಳೆಯಿತು.

"ನನ್ನ ಮರ ಎಲ್ಲಿಗೆ ಬಂತು?" ಎಂದು ಮಗಳು ಆಗೀಗ ಕೇಳುವಳು.

"ಬಚ್ಚಲಿನ ಹಿಂದೆ ಉಂಟಲ್ಲ."

"ಬೆದ್ರದ ಬಸ್ಸು ಅಲ್ಲಿಗೆ ಬರ್ತದಾ?"

ಮೂಡುಬಿದಿರೆಗೆ ಅವರ ಮನೆಮಾತಿನಲ್ಲಿ ಬೆದ್ರ. ಮಗಳು ಕೊನೆಗೂ ಬೆದ್ರದ ಕಾಲೇಜಿಗೆ ಸೇರಿದಳು. ಮೊದಲ ವರ್ಷದ ಪಿಯುಸಿ ಬಿಸಿಲಲ್ಲೇ ಮುಗಿಯಿತು. ಎರಡನೇ ವರ್ಷ ಅರ್ಧ ಕಳೆಯಿತು. ಅದು ಮುಗಿದರೆ ಅವಳು ಓದಲು ಹೋಗುವುದು ಮಂಗಳೂರು ದಿಕ್ಕಿಗೆ, ಆ ಬಸ್ಸು ನಿಲ್ಲುವುದು ರಸ್ತೆಯ ಆಚೆ ಬದಿಯಲ್ಲಿ. ಮಾತು ನಡೆಯಬೇಕಿದ್ದರೆ ಇದೇ ವರ್ಷ, ಇದೇ ಬದಿಯಲ್ಲಿ ನಡೆಯಬೇಕು.

ಇದರಲ್ಲಿ ಸ್ವರ್ಣಲತಾಳಿಗೆ ನಾಚಿಕೆಯ ವಿಷಯ ಇನ್ನೊಂದಿತ್ತು. ಅವಳ ಉದ್ಯೋಗವೇ ಮರ ನೆಡುವುದು. ಬಿ.ಸಿ. ರೋಡಿನ ಮಹಡಿಯೊಂದರಲ್ಲಿ 'ತಂಪೂರು ಪ್ರತಿಷ್ಠಾನ' ಅಂತ ಒಂದು ಸಂಸ್ಥೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಊರುಗಳನ್ನು ತಂಪು ಮಾಡುವುದು ಅದರ ಗುರಿ. ಸದ್ಯಕ್ಕೆ ತಂಪಾಗಿದ್ದದ್ದು ಅದರ ಆಫೀಸು ಮಾತ್ರ. ನಿರ್ದೇಶಕ ಶಿಶಿರ್ ಏಸಿಯನ್ನು ಎಷ್ಟು ಕೆಳಗಿಡುತ್ತಿದ್ದನೆಂದರೆ, ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಸಭೆ ನಡೆಯುವಾಗ ಹೆಂಗಸರು ಸೆರಗು ಹೊದ್ದು ಕೂರಬೇಕಿತ್ತು. "ಬೆವರಿದ್ರೆ ಹವಾಮಾನದ ಬಗ್ಗೆ ಯೋಚನೆ ಓಡುದಿಲ್ಲ," ಎಂಬುದು ಅವನ ಸಿದ್ಧಾಂತ.

ಅವನು ಯೋಚಿಸಿದ್ದನ್ನು ಬಿಸಿಲಲ್ಲಿ ಹೊತ್ತು ತಿರುಗುವುದು ಸ್ವರ್ಣಲತಾಳ ಕೆಲಸ. ಬೆಳಿಗ್ಗೆ ಬಂಟ್ವಾಳದಲ್ಲಿ ಹಸಿಕಸದ ಗೊಬ್ಬರದ ತರಬೇತಿ. ಮಧ್ಯಾಹ್ನ ಬೆಳ್ತಂಗಡಿಯಲ್ಲಿ ತಾರಸಿ ತೋಟದ ಪ್ರಾತ್ಯಕ್ಷಿಕೆ, ಅದೂ ಎಲ್ಲರ ಮನೆಗೂ ಹಂಚಿನ ಮಾಡೇ ಇರುವ ಓಣಿಯಲ್ಲಿ. ಸಂಜೆ ಮೂಡುಬಿದಿರೆಯಲ್ಲಿ ನಾಗರಿಕರ ಹವಾಮಾನ ಸಭೆ. ನಾಗರಿಕರು ಬರುತ್ತಿರಲಿಲ್ಲ. ಬ್ಯಾನರು ಕಟ್ಟಿದವನು, ಚಾ ತಂದವನು, ಸ್ವರ್ಣಲತಾ, ಮೂವರೂ ಸೇರಿ ಇಂಗಾಲ ಕಡಿಮೆ ಮಾಡುವ ಪ್ರತಿಜ್ಞೆ ಸ್ವೀಕರಿಸಿ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮನೆಗೆ ಬಂದರೆ ಅನ್ನಕ್ಕೆ ನೀರಿಡಬೇಕು, ಯೂನಿಫಾರಂ ಒಗೆಯಬೇಕು. ಅಷ್ಟರಲ್ಲಿ ದಮ್ಮಾಮಿನಿಂದ ಗಂಡನ ಫೋನು.

"ಇಲ್ಲಿ ಮರುಭೂಮಿಯಲ್ಲಿ ರಸ್ತೆ ಉದ್ದಕ್ಕೆ ಬೇವಿನ ಮರ ಬೆಳೆಸಿದ್ದಾರೆ ಮಾರಾಯ್ತಿ. ನಿಮಗೆ ಸಿದ್ಧಕಟ್ಟೆಯಲ್ಲಿ ಒಂದು ಆಗುದಿಲ್ಲವಾ?"

"ಇಲ್ಲಿ ಮಳೆ ಜಾಸ್ತಿ ಅಲ್ಲವಾ, ಹಾಗೆ," ಎಂದು ಅವಳು ಫೋನಿಟ್ಟಳು.

ಡಿಸೆಂಬರಿನಲ್ಲಿ ಅವಕಾಶ ತಾನಾಗಿ ಬಂತು. ಹೊರದೇಶದ ದಾನಿಗಳು ಹತ್ತು ಬಸ್ ನಿಲ್ದಾಣಗಳಿಗೆ ನೆರಳು ಮಾಡಿಕೊಡಲು ಒಪ್ಪಿದ್ದರು. ಯಾವ ಹತ್ತು ಎಂದು ಆರಿಸುವುದು ಸ್ವರ್ಣಲತಾಳ ಪಾಲಿಗೆ ಬಂತು. ಒಂಬತ್ತನ್ನು ನ್ಯಾಯವಾಗಿ ಆರಿಸಿದಳು. ಹತ್ತನೆಯದು ಸಿದ್ಧಕಟ್ಟೆ ಎಂದು ಬರೆಯುವಾಗ ಮಾತ್ರ ಕೈ ಸ್ವಲ್ಪ ಬೇಗ ಓಡಿತು. ಕೆಲಸದ ಆದೇಶವನ್ನು ಕನ್ನಡದಲ್ಲಿ ಬರೆಯಬೇಕಾದವಳೂ ಅವಳೇ. 'ಹತ್ತು ಬಸ್ ನಿಲ್ದಾಣಗಳಲ್ಲಿ ಸಸಿ ನೆಟ್ಟು ನೆರಳು ಒದಗಿಸುವುದು' ಎಂದು ಬರೆದು ಶಿಶಿರನ ಮುಂದಿಟ್ಟಳು.

"ಸಸಿ ಬೇಡ ಮೇಡಂ," ಎಂದ ಶಿಶಿರ್. "ಸಸಿ ಅಂದ ಕೂಡಲೇ ದಾನಿಗಳಿಗೆ ಆಕಳಿಕೆ ಬರ್ತದೆ. ಎಲ್ಲರೂ ಸಸಿಯೇ ನೆಡುದು."

"ಮತ್ತೆ ಎಂತ ನೆಡುದು?"

"ಹಸಿರು ಅಂತ ಹಾಕಿ. ಹಸಿರು ಅಂದ್ರೆ ವಿಶಾಲ. ಅದ್ರಲ್ಲಿ ಎಲ್ಲ ಬರ್ತದೆ."

ಅವಳಿಗೂ ಸರಿಯೆನಿಸಿತು. ಸಸಿ ಹೊಡೆದು ಹಸಿರು ಬರೆದಳು. 'ಹತ್ತು ಬಸ್ ನಿಲ್ದಾಣಗಳಲ್ಲಿ ಹಸಿರು ನೆಟ್ಟು ನೆರಳು ಒದಗಿಸುವುದು.' ಓದಿ ನೋಡಿದರೆ ಒಂದು ಕವಿತೆಯ ಸಾಲಿನ ಹಾಗಿತ್ತು. ಹೆಮ್ಮೆಯಿಂದ ಖರೀದಿ ವಿಭಾಗಕ್ಕೆ ಕಳಿಸಿದಳು.

ಖರೀದಿ ವಿಭಾಗ ಎಂದರೆ ಸಂಕಪ್ಪ. ಬರೆದದ್ದರಲ್ಲಿ ಇದ್ದದ್ದನ್ನು ಇದ್ದ ಹಾಗೆ ಮಾಡುವುದು, ಇಲ್ಲದ್ದನ್ನು ಪ್ರಾಣ ಹೋದರೂ ಮಾಡದಿರುವುದು ಅವರ ವ್ರತ. ಇನ್ನು, ನಮ್ಮ ಕಡೆ ಇಂಗ್ಲಿಷಿನ ಯಾವ ಶಬ್ದವೂ ಬಾಲ ಸಿಗದೆ ಊರೊಳಗೆ ಬರುವುದಿಲ್ಲ. ಬಸ್ ಬಸ್ಸಾಗುತ್ತದೆ, ಪೆನ್ ಪೆನ್ನಾಗುತ್ತದೆ, ಮೀನು ಹಿಡಿಯುವ ನೆಟ್, ಸೊಳ್ಳೆ ತಡೆಯುವ ನೆಟ್, ಎಲ್ಲವೂ ನೆಟ್ಟು. ಸಂಕಪ್ಪರ ಮನೆಯಂಗಳದ ಮಲ್ಲಿಗೆ ಕುಂಡಗಳ ಮೇಲೆ ಬಿಸಿಲಿಗೆಂದು ಕಟ್ಟಿದ್ದದ್ದೂ ಹಸಿರು ನೆಟ್ಟು. ಅವರು ಆದೇಶವನ್ನು ಎರಡು ಸಲ ಓದಿದರು. ಹತ್ತು ನಿಲ್ದಾಣ. ಹಸಿರು ನೆಟ್ಟು. ನೆರಳು. ಇಷ್ಟು ಸ್ಪಷ್ಟವಾದ ಆದೇಶ ಈ ಸಂಸ್ಥೆಯಿಂದ ಇದುವರೆಗೆ ಬಂದಿರಲಿಲ್ಲ. ಸಂತೋಷದಿಂದ ಮಡಂತ್ಯಾರಿನಲ್ಲಿ ಟಾರ್ಪಾಲು, ಹಗ್ಗ, ನೆಟ್ಟು ಮಾರುವ ಶಾಫಿಗೆ ಫೋನು ಮಾಡಿದರು.

ಜನವರಿಯ ಒಂದು ಮಧ್ಯಾಹ್ನ ಸ್ವರ್ಣಲತಾ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಅಂದು ಅಲ್ಲಿ ಮಕ್ಕಳ ತಾಪಮಾನ ಜಾಗೃತಿ ಜಾಥಾ ಇತ್ತು. ಘೋಷಣೆ ಕೂಗುತ್ತ ಇಬ್ಬರು ಮಕ್ಕಳು ತಲೆ ತಿರುಗಿ ಬಿದ್ದು, ಜಾಗೃತಿ ಸರಿಯಾಗಿಯೇ ಮೂಡಿತ್ತು. ಮಡಂತ್ಯಾರಿನ ಸ್ಟಾಪಿನಲ್ಲಿ ಹಸಿರು ಬಟ್ಟೆಯಂಥದ್ದು ಕಂಡಿತು. ಯಾರದೋ ಅಂಗಡಿ ಉದ್ಘಾಟನೆ ಇರಬೇಕು ಅಂದುಕೊಂಡಳು. ಪುಂಜಾಲಕಟ್ಟೆಯಲ್ಲೂ ಅದೇ. ಎರಡು ಕಡೆ ಒಂದೇ ದಿನ ಉದ್ಘಾಟನೆಯಾ ಅಂತ ಸಣ್ಣ ಸಂಶಯ ಬಂತು. ಬಸ್ಸು ಬದಲಾಯಿಸಿ ಸಿದ್ಧಕಟ್ಟೆಯಲ್ಲಿ ಇಳಿಯುವಾಗ ಸಂಶಯ ಉಳಿಯಲಿಲ್ಲ. ನಾಲ್ಕು ಕಬ್ಬಿಣದ ಕಂಬ, ಮೇಲೆ ಬಿಗಿದು ಕಟ್ಟಿದ ಹಸಿರು ನೆಟ್ಟು. ರೆಂಜೆಗೆಂದು ಅವಳೇ ನಿಂತು ತೋಡಿಸಿಟ್ಟಿದ್ದ ಗುಂಡಿಯಲ್ಲಿ ಒಂದು ಕಂಬ, ಬುಡಕ್ಕೆ ಕಾಂಕ್ರೀಟು.

"ಟೀಚರೇ, ನಿಮ್ಮ ಮರ ಬಂತು," ಎಂದರು ಹಸನಬ್ಬ, ಲಿಂಬೆ ಹಿಂಡುತ್ತ.

"ಎಂತ ಮರ? ಯಾರು ಹಾಕಿದ್ದು ಇದನ್ನು?"

"ನಿಮ್ಮ ಆಫೀಸಿನವ್ರೇ. ನೆಟ್ಟು ನೆಟ್ಟು ಹೋದ್ರು."

ಒಂದು ಕ್ಷಣ ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ತನ್ನ ಕವಿತೆಯ ಸಾಲು ಕಂಬದ ಮೇಲೆ ಗಾಳಿಗೆ ಪಟಪಟ ಹೊಡೆದುಕೊಳ್ಳುವುದನ್ನು ನೋಡುತ್ತ ಅವಳು ಅಂಗಡಿಯ ಬೆಂಚಿನ ಮೇಲೆ ಕುಳಿತುಬಿಟ್ಟಳು.

"ಶರಬತ್ತು ಕುಡೀರಿ. ಉಪ್ಪು ಹಾಕುದಾ ಸಕ್ಕರೆಯಾ?"

"ಎಂತ ಬೇಕಾದ್ರೂ ಹಾಕಿ ಹಸನಬ್ಬ."

ಮರುದಿನ ಆಫೀಸಿನಲ್ಲಿ ಅವಳು ಸಂಕಪ್ಪರ ಮೇಜಿನ ಮುಂದೆ ನಿಂತಳು. ಸಂಕಪ್ಪ ಆದೇಶವನ್ನು ತೆಗೆದು ಆ ಸಾಲಿನ ಕೆಳಗೆ ಬೆರಳಿಟ್ಟರು.

"ವಾಕ್ಯ ಯಾರದ್ದು?"

"ನನ್ನದೇ. ಆದ್ರೆ ಅದು ನೆಡು, ನೆಟ್ಟು! ಗಿಡ ನೆಟ್ಟು ಅಂತ ಹೇಳುದಿಲ್ಲವಾ?"

"ಗಿಡ ಎಲ್ಲಿ ಉಂಟು ಇದರಲ್ಲಿ? ತೋರಿಸಿ."

ಗಿಡ ಇರಲಿಲ್ಲ. ಇದ್ದ ಸಸಿಯನ್ನು ಅವಳೇ ಹೊಡೆದು ಹಾಕಿದ್ದಳು.

"ಎಂಥ ಸಾವು ಮಾರಾಯ್ರೆ! ಹಸಿರು ಅಂದ್ರೆ ಮರ ಅಂತ ಗೊತ್ತಾಗುದಿಲ್ಲವಾ?"

"ನನಗೆ ಗೊತ್ತಾಗುದು ಮುಖ್ಯ ಅಲ್ಲ ಮೇಡಂ. ಲೆಕ್ಕ ಪರಿಶೋಧಕರಿಗೆ ಗೊತ್ತಾಗಬೇಕು. ಮತ್ತೆ ನಾನು ಶಾಫಿಯ ಹತ್ರ ಒಳ್ಳೇ ದಪ್ಪದ್ದೇ ಹಾಕಿಸಿದ್ದೇನೆ. ಕಡಿಮೆ ಜಾತಿಯ ನೆಟ್ಟು ಅಲ್ಲ ಅದು."

ಶಿಶಿರನಿಗೆ ವಿಷಯ ತಿಳಿದರೆ ಎಲ್ಲ ಸರಿಯಾಗುತ್ತದೆ ಎಂದು ಅವಳು ನಂಬಿದ್ದಳು. ಶಿಶಿರನಿಗೆ ತಿಳಿಯಿತು. ಅವನು ಡ್ರೋನಿನವನನ್ನು ಕರೆಸಿದ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಮೂರೂ ಊರುಗಳ ಬೂದು ರಸ್ತೆಗಳ ಬದಿಯಲ್ಲಿ ಹತ್ತು ಹಸಿರು ಚೌಕಗಳು ಥಳಥಳ ಹೊಳೆಯುತ್ತಿದ್ದವು. ಎಷ್ಟು ಸಸಿ ನೆಟ್ಟರೂ ಆಕಾಶದಿಂದ ಒಂದೂ ಕಾಣಿಸುತ್ತಿರಲಿಲ್ಲ. ಇದು ಕಂಡಿತು. ದಾನಿಗಳು ಅಭಿನಂದನೆ ಕಳಿಸಿದರು.

"ನೋಡಿ ಮೇಡಂ," ಎಂದ ಶಿಶಿರ್, ಕಣ್ಣಲ್ಲಿ ನೀರೊಂದೇ ಬಾಕಿ. "ಮರ ಆಗ್ಲಿಕ್ಕೆ ಹತ್ತು ವರ್ಷ ಬೇಕು. ಇದು ಒಂದೇ ದಿನದಲ್ಲಿ ಆಯ್ತು. ಎಲೆ ಬೀಳುದಿಲ್ಲ, ಕರೆಂಟಿನ ತಂತಿಗೆ ತಾಗುದಿಲ್ಲ, ದನ ತಿನ್ನುದಿಲ್ಲ. ಬದುಕಿ ಉಳಿದ ಪ್ರಮಾಣ ನೂರಕ್ಕೆ ನೂರು! ನಾವು ಇದಕ್ಕೆ 'ತತ್‌ಕ್ಷಣದ ಮರ' ಅಂತ ಹೆಸರಿಡುವ."

"ಸರ್, ಇದು ಪ್ಲಾಸ್ಟಿಕ್."

"ನೀವು ಯಾವಾಗ್ಲೂ ಕೊರತೆಯನ್ನೇ ನೋಡುದು."

ಹೀಗೆ ನೆಟ್ಟು ಮರವಾಯಿತು. ಮರವಾದ ಮೇಲೆ ಮರಕ್ಕೆ ಸಲ್ಲಬೇಕಾದ್ದೆಲ್ಲ ಸಲ್ಲಬೇಕಲ್ಲ. ಯೋಜನೆಯ ನಿರ್ವಹಣೆಯ ಪುಟದಲ್ಲಿ ವಾರಕ್ಕೊಮ್ಮೆ ನೀರುಣಿಸುವುದು ಎಂದಿತ್ತು. ಸಂಕಪ್ಪ ಟ್ಯಾಂಕರು ಗೊತ್ತು ಮಾಡಿದರು. ಪ್ರತಿ ವಾರ ಟ್ಯಾಂಕರು ಬಂದು ಪೈಪು ಹಿಡಿದು ನೆಟ್ಟಿಗೆ ನೀರು ಹಾಯಿಸಿ ಹೋಗುತ್ತಿತ್ತು. ಕೆಳಗೆ ನಿಂತವರು ಮೊದಲ ಸಲ ಬೈದರು, ಎರಡನೇ ಸಲ ಕೊಡೆ ತಂದರು, ಸೆಕೆ ಏರಿದಂತೆ ಟ್ಯಾಂಕರು ಬರುವ ದಿನ ವಿಚಾರಿಸಿಕೊಂಡು ಬರತೊಡಗಿದರು. ಪುಂಜಾಲಕಟ್ಟೆಯಲ್ಲಿ ಒಬ್ಬರು ಸೋಪು ತಂದಿದ್ದರೆಂದು ಶಾಫಿ ಹೇಳಿದ. ಅದು ನಿಜವೋ ಅವನ ಬಾಯಿಚಪಲವೋ ಗೊತ್ತಿಲ್ಲ.

"ನಾನು ಸಂಕಪ್ಪಣ್ಣನಿಗೆ ಹೇಳಿದೆ ಅಕ್ಕ," ಎಂದು ಶಾಫಿ ಸ್ವರ್ಣಲತಾಳ ಹತ್ತಿರ ನಕ್ಕ. "ಇದಕ್ಕೆ ನೀರು ಹಾಕ್ಲಿಕ್ಕಿಲ್ಲ, ನಾನು ಗ್ಯಾರಂಟಿ ಕೊಡ್ತೇನೆ ಅಂತ. ಕೇಳ್ಬೇಕಲ್ಲ! ಗೊಬ್ಬರದ ಕೊಟೇಶನ್ ಬೇರೆ ಕೇಳಿದ್ದಾರೆ."

ಫೆಬ್ರವರಿ ಮುಗಿಯುತ್ತ ಬಂದಾಗ ಬಚ್ಚಲಿನ ಹಿಂದೆ ನೀಲಿ ಡ್ರಮ್ಮು ಒಡೆಯಿತು. ರೆಂಜೆಯ ಬೇರು ಒಳಗೆ ಸುತ್ತಿ ಸುತ್ತಿ ಜಾಗ ಸಾಲದೆ ಪ್ಲಾಸ್ಟಿಕನ್ನು ಸೀಳಿ, ಬುಡದಿಂದ ಹೊರಬಿದ್ದು ಬಚ್ಚಲಿನ ಗೋಡೆಯ ಕಡೆ ಹೊರಟಿತ್ತು. ಇನ್ನು ಮಳೆಗಾಲದವರೆಗೆ ಕಾಯುವಂತಿಲ್ಲ. ಒಂದೋ ಮರ ನೆಲಕ್ಕೆ ಹೋಗಬೇಕು, ಇಲ್ಲವೇ ಬಚ್ಚಲು ಬೀಳಬೇಕು. ಸಾತ್ವಿಕಾಳ ಪರೀಕ್ಷೆಗಳು ಆಗ ತಾನೇ ಸುರುವಾಗಲಿದ್ದವು. ಕೊನೆಯ ಪರೀಕ್ಷೆಯ ಹೊತ್ತಿಗಾದರೂ ಮರ ಸ್ಟಾಪಿನಲ್ಲಿ ನಿಂತರೆ, ಒಂದೇ ಒಂದು ದಿನವಾದರೂ ಮಗಳು ಅದರ ನೆರಳಲ್ಲಿ ನಿಂತರೆ, ಕೊಟ್ಟ ಮಾತು ನಡೆದ ಹಾಗೆಯೇ. ಸ್ವರ್ಣಲತಾ ಸಂಕಪ್ಪರಲ್ಲಿಗೆ ಹೋಗಿ ಸಿದ್ಧಕಟ್ಟೆಯ ಒಂದು ನೆಟ್ಟು ತೆಗೆಸಿಕೊಡಿ ಎಂದು ಕೇಳಿದಳು.

"ತೆಗೆಯುದಾ?" ಸಂಕಪ್ಪ ಕನ್ನಡಕ ತೆಗೆದರು. "ಅದು ದಾಖಲೆಯಲ್ಲಿ ಮರ. ಮರ ತೆಗೆಯುದು ಅಂದ್ರೆ ಕಡಿಯುದು. ನಮ್ಮದೇ ಸಂಸ್ಥೆಯ ನಿಯಮ ಉಂಟು, ಒಂದು ಕಡಿದ್ರೆ ಹತ್ತು ಹಾಕ್ಬೇಕು."

"ಹತ್ತು ಮರವಾ?"

"ಹತ್ತು ನೆಟ್ಟು."

ಅವಳು ಹೊರಗೆ ಬಂದಳು. ಹೊರಗೆ ಬಿಸಿಲು ಕುದಿಯುತ್ತಿತ್ತು, ಆದರೂ ಒಳಗಿಗಿಂತ ಹಿತವಾಗಿತ್ತು.

ದಾರಿ ಮಾಡಿಕೊಟ್ಟದ್ದು ಒಂದು ಖಾಸಗಿ ಬಸ್ಸು. ಹಿಂದಿನಿಂದ ಬರುತ್ತಿದ್ದ ಇನ್ನೊಂದು ಬಸ್ಸಿಗಿಂತ ಮೊದಲು ಜನ ಹತ್ತಿಸಿಕೊಳ್ಳುವ ಅವಸರದಲ್ಲಿ ಅದು ಸಿದ್ಧಕಟ್ಟೆಯ ಸ್ಟಾಪಿನ ಅಂಚಿಗೆ ಉಜ್ಜಿಕೊಂಡು ಬಂದು ನಿಂತಿತು. ಮೇಲಿನ ಲಗೇಜು ಕಂಬಿಗೆ ನೆಟ್ಟಿನ ಅಂಚು ಸಿಕ್ಕಿತು. ಕಂಡಕ್ಟರು 'ರೈಟ್' ಎಂದ. ಬಸ್ಸು ಹೊರಟಿತು, ನೆಟ್ಟೂ ಹೊರಟಿತು. ರೆಂಜೆಯ ಗುಂಡಿಯಲ್ಲಿದ್ದ ಕಂಬ ಕಾಂಕ್ರೀಟಿನ ಸಮೇತ ಕಿತ್ತು ಮಗುಚಿತು. ಬಸ್ಸು ಬಾಲ ಬಿಟ್ಟ ಗಾಳಿಪಟದ ಹಾಗೆ ಮೂಡುಬಿದಿರೆಯವರೆಗೂ ಹೋಯಿತಂತೆ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅದನ್ನು ಬಿಡಿಸಿ, ಮಡಚಿ, ತಮ್ಮ ಕೋಳಿಗೂಡಿಗೆ ಹೊದಿಸಿದರು. ಸಂಕಪ್ಪ ಕಡತದಲ್ಲಿ ಬರೆದರು: ವಾಹನ ತಾಗಿ ಮರಕ್ಕೆ ಹಾನಿ.

ಅಂದು ಸಂಜೆ ಸಾತ್ವಿಕಾ ರಸಾಯನಶಾಸ್ತ್ರದ ಪುಸ್ತಕದಿಂದ ತಲೆ ಎತ್ತಿ ಅಮ್ಮನ ಮುಖ ನೋಡಿದಳು.

"ಗುಂಡಿ ಈಗ ಖಾಲಿ ಉಂಟಲ್ಲ. ನೆಟ್ಟುಬಿಡು."

"ಪರ್ಮಿಷನ್ ಇಲ್ದೆ ನೆಟ್ರೆ ನಾಳೆಯೇ ಕಿತ್ತು ಮತ್ತೆ ಕಂಬ ಹಾಕ್ತಾರೆ. ಸಂಕಪ್ಪಣ್ಣ ಬರೆದದ್ದು ಮಾತ್ರ ಮಾಡುದು."

"ಬರೆದದ್ದು ಮಾಡ್ತಾರಲ್ಲ? ಹಾಗಾದ್ರೆ ಬರಿ. ಒಮ್ಮೆ ಬರೆದು ಕೆಡಿಸಿದ್ದಿ, ಇನ್ನೊಮ್ಮೆ ಬರೆದು ಸರಿಮಾಡು."

ಸ್ವರ್ಣಲತಾ ಒಗ್ಗರಣೆ ಸೌಟು ಬದಿಗಿಟ್ಟು ಪೆನ್ನು ಹುಡುಕಿದಳು. ಮರುದಿನ ಸಂಕಪ್ಪರ ಮೇಜಿಗೆ ಒಂದು ಸಾಲಿನ ಕೋರಿಕೆ ಹೋಯಿತು: 'ಸಿದ್ಧಕಟ್ಟೆ ನಿಲ್ದಾಣದಲ್ಲಿ ಹಾನಿಯಾದ ಜಾಗದಲ್ಲಿ ಹಸಿರು ನೆಟ್ಟು ಸರಿಪಡಿಸಲು ಅನುಮತಿ ನೀಡುವುದು.' ಸಂಕಪ್ಪ ಓದಿದರು. ನೆಟ್ಟು ಸರಿಪಡಿಸುವುದು ನ್ಯಾಯವೇ. ಸಹಿ ಹಾಕಿ ಮೊಹರು ಒತ್ತಿದರು.

ಶನಿವಾರ ಶಾಫಿ ತನ್ನ ಗೂಡ್ಸ್ ಟೆಂಪೋ ತಂದ. ಡ್ರಮ್ಮನ್ನು ಸೀಳಿ, ಗೋಡೆಯ ಕಡೆ ಓಡಿದ್ದ ಬೇರನ್ನು ಕತ್ತಿಯಿಂದ ಕಡಿದು, ಬುಡಕ್ಕೆ ಗೋಣಿ ಸುತ್ತಿ, ನಾಲ್ಕು ಜನ ಸೇರಿ ರೆಂಜೆಯನ್ನು ಟೆಂಪೋಗೆ ಏರಿಸಿದರು. ಮರ ಮಲಗಿಕೊಂಡು ಸಿದ್ಧಕಟ್ಟೆಗೆ ಹೋಯಿತು. ಹಸನಬ್ಬ ಅಂಗಡಿ ಅರ್ಧ ಮುಚ್ಚಿ ಬಂದು, ಗುಂಡಿಗೆ ಇಳಿದು, ನಿಲ್ಲಿಸುವವರಿಗೆಲ್ಲ ಬೈದರು. "ಎಡಕ್ಕೆ ಮಾರಾಯಾ! ನಿನಗೆ ಎಡ ಬಲ ಗೊತ್ತಿಲ್ಲದೆ ನೆಟ್ಟು ಮಾರುದು ಹೇಗೆ?" ಅಂತೂ ಮರ ನೆಟ್ಟಗೆ ನಿಂತಿತು. ಗುಂಡುಗುಂಡಾದ ದಟ್ಟ ಹಸಿರು ತಲೆ. ಕೆಳಗೆ, ಡಾಂಬರಿನ ಅಂಚಿನಲ್ಲಿ, ಒಂದು ಚಾಪೆಯಷ್ಟು ಅಗಲದ ನೆರಳು. ಸಾತ್ವಿಕಾ ಹೋಗಿ ಅದರ ಮಧ್ಯೆ ನಿಂತು ನೋಡಿದಳು. ಸರಿಯಾಗಿ ಒಬ್ಬಳಿಗೆ ಸಾಕಾಗುವಷ್ಟಿತ್ತು.

"ಸೋಮವಾರ ನನ್ನ ಲಾಸ್ಟ್ ಪೇಪರ್," ಎಂದಳು. "ಇಲ್ಲೇ ನಿಲ್ತೇನೆ."

ಸ್ವರ್ಣಲತಾ ಚೀಲದಿಂದ ಕತ್ತರಿ ತೆಗೆದು ಕೈಯಲ್ಲಿ ಹಿಡಿದಿದ್ದಳು. ಮೂರು ಊರುಗಳ ಎಷ್ಟು ತರಬೇತಿಗಳಲ್ಲಿ ಅವಳು ಇದನ್ನು ಹೇಳಿಕೊಟ್ಟಿದ್ದಳೋ: ಬೆಳೆದ ಮರವನ್ನು ಬೇರು ಕಡಿದು ಬೇರೆ ಕಡೆ ನೆಟ್ಟರೆ, ಮೇಲಿನ ಗೆಲ್ಲು ಕೊಂಬೆ, ಎಲೆಗಳನ್ನೂ ಸವರಿ ಬಿಡಬೇಕು. ಉಳಿದ ತುಂಡು ಬೇರಿಗೆ ಅಷ್ಟೂ ಎಲೆಗಳಿಗೆ ನೀರು ಏರಿಸುವ ಶಕ್ತಿ ಇರುವುದಿಲ್ಲ. ಸವರದೆ ಬಿಟ್ಟರೆ ಕೆಲವು ದಿನ ಹಸಿರಾಗಿಯೇ ನಿಂತಿರುತ್ತದೆ. ಆಮೇಲೆ ಒಣಗುತ್ತದೆ. ಮಾರ್ಚಿನ ಈ ಬಿಸಿಲಿನಲ್ಲಂತೂ ಸಂಶಯವೇ ಇಲ್ಲ.

ಕೆಲವು ದಿನ. ಸೋಮವಾರಕ್ಕೆ ಧಾರಾಳ ಸಾಕು.

ಅಷ್ಟರಲ್ಲಿ ಶಿಶಿರನ ಫೋನು ಬಂತು. ಸಂಕಪ್ಪರಿಗೆ ಯಾರೋ ಟೆಂಪೋದಲ್ಲಿ ಮರ ಹೋದದ್ದನ್ನು ಹೇಳಿ, ಸಂಕಪ್ಪ ಅವನಿಗೆ ಹೇಳಿದ್ದರು. ಬೈಗುಳಕ್ಕೆ ಸಿದ್ಧಳಾಗಿ ಅವಳು ಫೋನು ಎತ್ತಿದಳು.

"ಮೇಡಂ, ಅದ್ಭುತ! ನೆಟ್ಟಿನ ಜಾಗದಲ್ಲಿ ನಿಜವಾದ ಮರ! ಇದು ಎರಡನೇ ಹಂತ. ದಾನಿಗಳು ಸೋಮವಾರ ಬೆಳಿಗ್ಗೆ ಅಲ್ಲಿಗೇ ಬರ್ತಾರೆ. ಮರ ಹೇಗುಂಟು? ಎಲೆ ಇದೆಯಾ?"

"ಉಂಟು. ಈಗ ಸವರಬೇಕು."

"ಸವರುದಾ? ಒಂದು ಎಲೆ ಮುಟ್ಟಬೇಡಿ! ಬೋಳು ಮರದ ಫೋಟೊ ಯಾರಿಗೆ ಬೇಕು?"

"ಸವರದಿದ್ರೆ ಸಾಯ್ತದೆ ಸರ್."

"ಸೋಮವಾರದ ನಂತರ ಅಲ್ವಾ?"

ಇಷ್ಟು ವರ್ಷಗಳಲ್ಲಿ ಮೊದಲ ಸಲ ಶಿಶಿರ್ ಹೇಳಿದ್ದಕ್ಕೂ ಅವಳ ಮನಸ್ಸಿಗೆ ಬೇಕಾದ್ದಕ್ಕೂ ವ್ಯತ್ಯಾಸ ಇರಲಿಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಫೋನಿಟ್ಟು ಮಗಳನ್ನು ನೋಡಿದಳು. ಸಾತ್ವಿಕಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಸೋಮವಾರ ಸಂಜೆ ಸವರಿದ್ರೆ ಆಗುದಿಲ್ಲವಾ?" ಎಂದಳು, ಸಣ್ಣ ಸ್ವರದಲ್ಲಿ.

"ಎರಡು ಹಗಲು ಈ ಬಿಸಿಲು ಕುಡಿದ ಮೇಲೆ ಸವರಿ ಪ್ರಯೋಜನ ಇಲ್ಲ."

"ನಂಗೊಂದು ಫೋಟೊ ತೆಗೀಲಿಕ್ಕಿತ್ತು. ಅಪ್ಪನಿಗೆ ಕಳಿಸ್ಲಿಕ್ಕೆ."

"ಹೌದು ಮಗಾ."

"ಪ್ರಾಮಿಸ್ ಅಂತ ಹೇಳಿದ್ದು ನೀನು."

"ಹೌದು."

ಹಸನಬ್ಬ ಗುಂಡಿಯ ಅಂಚಿನಲ್ಲಿ ಕುಳಿತು ಬೀಡಿ ಹಚ್ಚಿದರು. "ನಾನು ಸಾಕ್ಷಿ," ಎಂದು ತಮಾಷೆ ಮಾಡಲು ಹೊರಟವರು ಇಬ್ಬರ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದರು.

ಸ್ವರ್ಣಲತಾ ಅಂಗಡಿಯ ಸ್ಟೂಲು ತಂದು ಹತ್ತಿದಳು. ಮೊದಲ ಗೆಲ್ಲನ್ನು ಸವರಿದಳು. ಆಮೇಲೆ ಎರಡನೆಯದು. ಸ್ಟೂಲು ಅಲುಗಾಡುತ್ತಿತ್ತು. ಸ್ವಲ್ಪ ಹೊತ್ತಿನ ಬಳಿಕ ಅಲುಗಾಡುವುದು ನಿಂತಿತು. ಕೆಳಗೆ ನೋಡಿದರೆ ಮಗಳು ಎರಡೂ ಕೈಯಲ್ಲಿ ಸ್ಟೂಲಿನ ಕಾಲು ಹಿಡಿದು, ಮುಖ ಬೇರೆ ಕಡೆ ತಿರುಗಿಸಿ ನಿಂತಿದ್ದಳು. ಕೂದಲ ಮೇಲೆ ರೆಂಜೆಯ ಎಲೆಗಳು ಬೀಳುತ್ತಿದ್ದವು. ಕೊಡವಿಕೊಳ್ಳಲಿಲ್ಲ. ಎಲ್ಲ ಮುಗಿದಾಗ ಸ್ಟಾಪಿನಲ್ಲಿ ನಿಂತಿದ್ದದ್ದು ಒಂದು ಕೋಲು, ಅದರ ತುದಿಗೆ ಮೂರ್ನಾಲ್ಕು ಕವಲು. ಎಲೆಗಳನ್ನೆಲ್ಲ ಒಟ್ಟು ಮಾಡಿ ಹಸನಬ್ಬ ತಮ್ಮ ಆಡುಗಳಿಗೆ ತೆಗೆದುಕೊಂಡು ಹೋದರು.

ಸೋಮವಾರ ಬೆಳಿಗ್ಗೆ ಶಿಶಿರ್ ದಾನಿಗಳಿಗಿಂತ ಸ್ವಲ್ಪ ಮೊದಲು ಬಂದ. ಮರ ನೋಡಿದ. ತಲೆಯ ಮೇಲೆ ಕೈ ಹೊತ್ತ. ಆದರೆ ಅವನು ಉಪಾಯ ಇಲ್ಲದ ಮನುಷ್ಯನಲ್ಲ. ಸಂಕಪ್ಪರನ್ನು ಓಡಿಸಿ, ಶಾಫಿಯ ಟೆಂಪೋದಲ್ಲಿದ್ದ ಹೊಸ ನೆಟ್ಟಿನ ತುಂಡೊಂದನ್ನು ತರಿಸಿ, ಬೋಳು ಕವಲುಗಳ ಮೇಲೆ ಗುಂಡಗೆ ಕಟ್ಟಿಸಿದ. ದೂರದಿಂದ ನೋಡಿದರೆ ಮರದ ಹಾಗೆ, ಹತ್ತಿರದಿಂದ ನೋಡಿದರೆ ತಲೆಗೆ ಪೆಟ್ಟು ಬಿದ್ದವರ ಹಾಗೆ ಕಾಣುತ್ತಿತ್ತು. ದಾನಿಗಳು ದೂರದಿಂದಲೇ ನೋಡಿದರು. ಕಾರಿನ ಏಸಿಯಿಂದ ಇಳಿದು ಬಿಸಿಲಿಗೆ ಬರುವುದು ಅವರಿಗೂ ಕಷ್ಟವೇ.

"ಹೊಸದಾಗಿ ನೆಟ್ಟದ್ದಕ್ಕೆ ನೆಟ್ಟು ಒಳ್ಳೇದೇ ಅಕ್ಕ," ಎಂದು ಶಾಫಿ ಸ್ವರ್ಣಲತಾಳಿಗೆ ಸಮಾಧಾನ ಹೇಳಿದ. "ಬಿಸಿಲು ತಡೀತದೆ. ಇದಕ್ಕೆ ನಾನು ಬಿಲ್ಲು ಮಾಡುದಿಲ್ಲ."

ಸಾತ್ವಿಕಾ ಅದರ ಕೆಳಗೆ ನಿಂತು ಬೆದ್ರದ ಬಸ್ಸಿಗೆ ಕಾದಳು. ಒಂದು ಕೈಯಲ್ಲಿ ಹಾಲ್ ಟಿಕೆಟು, ಇನ್ನೊಂದರಲ್ಲಿ ಫೋನು. ಫೋಟೊ ತೆಗೆಯಲು ಒಮ್ಮೆ ಮೇಲೆತ್ತಿದವಳು ನೆಟ್ಟನ್ನು ನೋಡಿ ಕೆಳಗಿಳಿಸಿದಳು. ಮುಖದ ಮೇಲೆ ಬಿದ್ದ ನೆರಳಿನಲ್ಲಿ ಸಣ್ಣ ಸಣ್ಣ ಚೌಕಗಳಿದ್ದವು. ಬಸ್ಸು ಬಂತು. ಅಮ್ಮನಿಗೆ ಕೈ ಬೀಸಿ ಹತ್ತಿದಳು.

ಆ ವಾರವೂ ಟ್ಯಾಂಕರು ಬಂದು ನೆಟ್ಟಿಗೆ ನೀರು ಹಾಯಿಸಿತು. ನೀರು ನೆಟ್ಟಿನಿಂದ ಕಾಂಡಕ್ಕಿಳಿದು, ಕಾಂಡದಿಂದ ಬುಡಕ್ಕಿಳಿಯಿತು. ಆಮೇಲಿನ ವಾರಗಳಲ್ಲೂ ತಪ್ಪಲಿಲ್ಲ. ಏಕೆಂದರೆ ಸಂಕಪ್ಪ ಬರೆದದ್ದನ್ನು ತಪ್ಪಿಸುವವರಲ್ಲ. ಮೇ ತಿಂಗಳ ಗಾಳಿಗೆ ನೆಟ್ಟು ಹಾರಿ ಹೋಯಿತು. ಮಳೆ ಹಿಡಿದ ಮೇಲೆ ರೆಂಜೆಯ ಕವಲುಗಳಲ್ಲಿ ಎಳೆ ತಾಮ್ರದ ಬಣ್ಣದ ಚಿಗುರು ಒಡೆಯಿತು. ಹಸನಬ್ಬ ಅದನ್ನು ಶರಬತ್ತು ಕುಡಿಯಲು ಬಂದವರಿಗೆಲ್ಲ ತೋರಿಸಿದರು.

ಜುಲೈಯಲ್ಲಿ ಸಾತ್ವಿಕಾಳ ಹೊಸ ಕಾಲೇಜು ಸುರುವಾಯಿತು. ಅವಳು ರಸ್ತೆಯ ಆಚೆ ಬದಿಯಲ್ಲಿ ಕೊಡೆ ಹಿಡಿದು ಬಿ.ಸಿ. ರೋಡಿನ ಕಡೆಯ ಬಸ್ಸಿಗೆ ನಿಂತಿದ್ದಳು. ಈಚೆ ಬದಿಯಲ್ಲಿ ಮರವಿತ್ತು. ಮೂಡುಬಿದಿರೆ ಕಾಲೇಜಿಗೆ ಹೋದ ಎರಡು ವರ್ಷಗಳಲ್ಲಿ ಅವಳು ಒಂದು ದಿನವೂ ಅದರ ಎಲೆಗಳ ನೆರಳಲ್ಲಿ ನಿಂತು ಬಸ್ಸಿಗೆ ಕಾದಿರಲಿಲ್ಲ. ಸ್ವರ್ಣಲತಾ ಮಗಳಿಗೆ ಕೊಟ್ಟ ಮಾತು ನಡೆಯಲಿಲ್ಲ.